ಸೇನೆ ಬಿಟ್ಟ ಮೇಲಿನ ದುಡಿಮೆ: ಮಾಜಿ ಸೈನಿಕರ ಎರಡನೆಯ ವೃತ್ತಿಯ ಸಮೀಕ್ಷೆ

ಪ್ರಶ್ನೆಯ ಸ್ವರೂಪ

ಭಾರತದ ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಗಳಿಂದ ವರ್ಷಕ್ಕೆ ಸುಮಾರು 60,000 ಮಂದಿ ಸೇವೆ ಮುಗಿಸಿ ಹೊರಬರುತ್ತಾರೆ. ಅವರಲ್ಲಿ ಬಹುಪಾಲು ಮಂದಿ 35ರಿಂದ 45 ವರ್ಷದೊಳಗಿನವರು. ಗಡಿ ಕಾಯುವ ಪಡೆ ಸದಾ ತರುಣವಾಗಿರಬೇಕೆಂಬ ಅಗತ್ಯದಿಂದ ಸಿಪಾಯಿ ದರ್ಜೆಯವರ ಸೇವಾವಧಿಯನ್ನು ಮೊಟಕಾಗಿ ಇಡಲಾಗಿದೆ. ಆದ್ದರಿಂದ ಸರ್ಕಾರಿ ಕಚೇರಿಯ ನೌಕರ 60ನೆಯ ವಯಸ್ಸಿನಲ್ಲಿ ನಿವೃತ್ತನಾಗುವಾಗ, ಅವನ ಜೊತೆಯಲ್ಲೇ ಶಾಲೆ ಕಲಿತು ಸೇನೆ ಸೇರಿದವನು 40ರ ಆಸುಪಾಸಿನಲ್ಲೇ ಊರಿಗೆ ಮರಳಿರುತ್ತಾನೆ. ಆ ವಯಸ್ಸಿನಲ್ಲಿ ಮಕ್ಕಳು ಪ್ರೌಢಶಾಲೆಯ ಹಂತದಲ್ಲಿರುತ್ತಾರೆ, ತಂದೆತಾಯಿಗಳಿಗೆ ವಯಸ್ಸಾಗಿರುತ್ತದೆ, ಮನೆ ಕಟ್ಟಿದ ಸಾಲ ತೀರಿರುವುದಿಲ್ಲ. ಕಾಗದದ ಮೇಲೆ ಇದು ನಿವೃತ್ತಿಯಾದರೂ ಬದುಕಿನಲ್ಲಿ ಇದು ನಡುವಯಸ್ಸಿನ ವೃತ್ತಿ ಬದಲಾವಣೆ. ಮಾಜಿ ಸೈನಿಕರ ಬಗೆಗಿನ ಯಾವ ನೀತಿಯನ್ನಾದರೂ ಅಳೆಯಬೇಕಾದದ್ದು ಈ ಸಂಗತಿಯನ್ನು ಅದು ಎಷ್ಟರ ಮಟ್ಟಿಗೆ ಒಪ್ಪಿಕೊಂಡಿದೆ ಎಂಬುದರ ಮೇಲೆ.

ಈ ನೀತಿಗಳು ರೂಪುಗೊಳ್ಳುವುದು ದೆಹಲಿಯಲ್ಲಿ ಮತ್ತು ಬೆಂಗಳೂರಿನಲ್ಲಿ. ಅವುಗಳ ಫಲಾಫಲ ತಿಳಿಯುವುದು ಮಾತ್ರ ಸೈನಿಕ ಮರಳುವ ಊರಿನಲ್ಲಿ. ಆದ್ದರಿಂದ ಈ ಸಮೀಕ್ಷೆ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರನ್ನೂ ಅದರ ಸುತ್ತಲಿನ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳನ್ನೂ ನೆಲೆಯಾಗಿ ಇಟ್ಟುಕೊಂಡಿದೆ. ಕಾಫಿ ತೋಟಗಳ ಮಲೆನಾಡಿಗೆ ಹೆಸರಾದ ಜಿಲ್ಲೆಯಲ್ಲಿದ್ದರೂ ಕಡೂರು ರಾಗಿ ಮತ್ತು ತೆಂಗಿನ ಬಯಲುಸೀಮೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬೇಸಾಯವೊಂದನ್ನೇ ನೆಚ್ಚಿ ಸಂಸಾರ ಸಾಗಿಸುವುದು ಇಲ್ಲಿ ಕಷ್ಟ. ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ಊರೆಂದು ದೇವನೂರು ಕನ್ನಡ ನಾಡಿಗೆಲ್ಲ ಪರಿಚಿತ. ಆ ಕಾವ್ಯದ ಕಥೆ ಮೊದಲಾಗುವುದು ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ, ಬಂಧುಗಳನ್ನು ಕೊಂದ ಪಾಪದ ಭಾರದಿಂದ ಕುಗ್ಗಿದ ಧರ್ಮರಾಯ ಮುಂದೇನು ಮಾಡಬೇಕೆಂದು ಚಿಂತಿಸುವಲ್ಲಿ. ಯುದ್ಧ ಮುಗಿದ ಬಳಿಕದ ಬದುಕನ್ನು ಕಟ್ಟುವುದು ಎಷ್ಟು ದೊಡ್ಡ ಕೆಲಸವೆಂಬ ಅರಿವು ಈ ನೆಲದ ಸಾಹಿತ್ಯಕ್ಕೆ ಹೊಸತಲ್ಲ.

ಸೈನಿಕನ ಋಣವನ್ನು ಸಮಾಜ ಇಂದಿನವರೆಗೆ ಮುಖ್ಯವಾಗಿ ಕೊಡುಗೆಯ ರೂಪದಲ್ಲಿ ತೀರಿಸಲು ಯತ್ನಿಸಿದೆ: ಮೊದಲು ಭೂಮಿ, ಆಮೇಲೆ ಪಿಂಚಣಿ, ಅನಂತರ ಮೀಸಲಾತಿ. ಕಳೆದ ಸೇವೆಗೆ ಸಲ್ಲುವ ಈ ಕೊಡುಗೆಗಳು ನ್ಯಾಯವಾದವು, ಅಗತ್ಯವಾದವು. ಆದರೆ ಅವು ಮುಂದಿನ ಇಪ್ಪತ್ತು ವರ್ಷಗಳ ದುಡಿಮೆಗೆ ಸಿದ್ಧತೆಯಾಗಲಾರವು. ಆ ಸಿದ್ಧತೆ ಸೇವೆಯಲ್ಲಿರುವಾಗಲೇ ಮೊದಲಾಗಿ ಊರಿನ ಹತ್ತಿರದಲ್ಲಿ, ಅಂದರೆ ತಾಲ್ಲೂಕಿನಲ್ಲಿ, ಪೂರ್ಣಗೊಳ್ಳಬೇಕು.

ಭೂಮಿಯಿಂದ ಮಂಡಳಿಯವರೆಗೆ

ಕನ್ನಡ ನಾಡಿನ ಶಾಸನಗಳಲ್ಲಿ ಯೋಧನಿಗೆ ಸಲ್ಲುವ ಪ್ರತಿಫಲದ ವಿವರ ಹೇರಳವಾಗಿದೆ. ಕಾಳಗದಲ್ಲಿ ಸತ್ತವನ ಕುಟುಂಬಕ್ಕೆ ಕೊಟ್ಟ ಭೂಮಿಯನ್ನು ‘ನೆತ್ತರುಗೊಡಗೆ’ ಎಂದೂ, ಗೆದ್ದು ಬಂದ ವೀರನಿಗೆ ಕತ್ತಿ ತೊಳೆಯುವ ಗೌರವದೊಡನೆ ಕೊಟ್ಟ ದತ್ತಿಯನ್ನು ‘ಬಾಳ್ಗಳ್ಚು’ ಎಂದೂ ಕರೆಯಲಾಗುತ್ತಿತ್ತು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವನ್ನು ಅಂದಿನ ಕಡೂರು ಜಿಲ್ಲೆಯ ಶಾಸನಗಳಿಗೇ ಮೀಸಲಿಟ್ಟು 1901ರಲ್ಲಿ ಪ್ರಕಟಿಸಿದರು, ಹೊಯ್ಸಳರ ಈ ಸೀಮೆಯ ಊರೂರಲ್ಲೂ ಇಂದಿಗೂ ಕಾಣುವ ವೀರಗಲ್ಲುಗಳು ಅದೇ ಪರಂಪರೆಯ ಸಾಕ್ಷಿಗಳು. ಈ ವ್ಯವಸ್ಥೆಯಲ್ಲಿ ಯೋಧನೂ ರೈತನೂ ಬಹುಮಟ್ಟಿಗೆ ಒಬ್ಬನೇ ಆಗಿದ್ದುದರಿಂದ, ಯುದ್ಧ ಮುಗಿದ ಮೇಲೆ ಅವನು ಹೊಲಕ್ಕೆ ಮರಳುವುದು ಸಹಜವಾಗಿತ್ತು. ಅವನಿಗೆ ಬೇರೊಂದು ಕಸುಬನ್ನು ಕಲಿಸುವ ಪ್ರಶ್ನೆ ಏಳುತ್ತಿರಲಿಲ್ಲ.

ಸಂಬಳಕ್ಕೆ ದುಡಿಯುವ ದೊಡ್ಡ ಸ್ಥಾಯಿ ಸೈನ್ಯ ಬಂದಾಗ ಪ್ರಶ್ನೆ ಬದಲಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸೈನ್ಯ ಚದುರಿಹೋಗಿ ಸಾವಿರಾರು ಮಂದಿ ಒಮ್ಮೆಗೇ ಕೆಲಸ ಕಳೆದುಕೊಂಡರು. ತರೀಕೆರೆ ಮತ್ತು ಅಜ್ಜಂಪುರಗಳಿಗೆ ನೆರೆಯ ಚನ್ನಗಿರಿಯವನಾದ ಧೋಂಡಿಯಾ ವಾಘ್, ಹೀಗೆ ಬೀದಿಪಾಲಾದ ಸೈನಿಕರನ್ನು ಒಟ್ಟುಗೂಡಿಸಿ ಬಿದನೂರು ಸೀಮೆಯಲ್ಲಿ ಒಂದು ಪಡೆಯನ್ನೇ ಕಟ್ಟಿದನು. ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಅವನನ್ನು ಬೆನ್ನಟ್ಟಿ ಕೊಂದದ್ದು 1800ರ ಸೆಪ್ಟೆಂಬರ್ 10ರಂದು. ಅವನ ಬಂಡಾಯಕ್ಕೆ ಹಲವು ಕಾರಣಗಳಿದ್ದವು, ಆದರೆ ಅದಕ್ಕೆ ಜನಬಲ ಒದಗಿಸಿದ್ದು ದಿಕ್ಕಿಲ್ಲದೆ ಬಿಟ್ಟ ಸೈನಿಕರ ಸಮೂಹ. ಅದೇ ಕಾಲದಲ್ಲಿ ದಿವಾನ್ ಪೂರ್ಣಯ್ಯನವರು ಇನ್ನೊಂದು ದಾರಿ ಹಿಡಿದರು. ‘ಕಂದಾಚಾರ’ವೆಂಬ ಹಳೆಯ ಸ್ಥಳೀಯ ಕಾವಲು ಪಡೆಯನ್ನು ಅವರು ಉಳಿಸಿಕೊಂಡು, ಅದರ ಆಳುಗಳಿಗೆ ಪೊಲೀಸ್ ಕೆಲಸವನ್ನೂ ಕಂದಾಯದ ಓಡಾಟವನ್ನೂ ಒಪ್ಪಿಸಿ, ಉಳಿದ ವೇಳೆಯಲ್ಲಿ ತಮ್ಮ ಭೂಮಿಯನ್ನು ಉಳುವ ಅವಕಾಶವನ್ನು ಉಳಿಸಿದರು, ಕುದುರೆ ಸವಾರರಲ್ಲಿ ಒಂದು ಭಾಗವನ್ನು ಸಿಲ್ಲೇದಾರರಾಗಿ, ಅಂದರೆ ತಮ್ಮ ಕುದುರೆಯೊಡನೆ ಸೇವೆ ಸಲ್ಲಿಸುವವರಾಗಿ, ಇಟ್ಟುಕೊಂಡರು. ಸೈನಿಕನಿಗೆ ಊರಿನಲ್ಲೇ ಗೌರವದ ನಾಗರಿಕ ಕೆಲಸ ಸಿಕ್ಕರೆ ರಾಜ್ಯಕ್ಕೂ ಲಾಭ ಎಂಬ ತಿಳಿವಳಿಕೆ ಈ ಕ್ರಮದಲ್ಲಿತ್ತು.

ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳು ಈ ಹೊಣೆಯನ್ನು ಶಾಶ್ವತ ಸಂಸ್ಥೆಗಳ ಕೈಗೆ ಒಪ್ಪಿಸಿದವು. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆಲ್ಲುವಲ್ಲಿ ಪಾಲ್ಗೊಂಡಿತು. ಅದರ ಮರುವರ್ಷ, 1919ರಲ್ಲಿ, ಮರಳಿದ ಸೈನಿಕರ ಮತ್ತು ಅವರ ಕುಟುಂಬಗಳ ಹಿತ ನೋಡಲು ‘ಇಂಡಿಯನ್ ಸೋಲ್ಜರ್ಸ್ ಬೋರ್ಡ್’ ರಚನೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಇಪ್ಪತ್ತೈದು ಲಕ್ಷ ಮೀರಿದ್ದ ಭಾರತೀಯ ಸೈನ್ಯದಿಂದ ಯುದ್ಧಾನಂತರ ಲಕ್ಷಾಂತರ ಮಂದಿ ಬಿಡುಗಡೆಯಾದಾಗ ಈ ಮಂಡಳಿಯ ಕೆಲಸ ಹಲವು ಪಟ್ಟು ಹಿಗ್ಗಿತು. ಹೆಸರು ಬದಲಾಗುತ್ತ ಬಂದು 1975ರಲ್ಲಿ ಅದು ‘ಕೇಂದ್ರೀಯ ಸೈನಿಕ ಮಂಡಳಿ’ಯಾಯಿತು. ಸೈನಿಕರೇ ತಮ್ಮ ಪರವಾಗಿ ಸಂಘಟಿತರಾಗುವಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು: ಸ್ವತಂತ್ರ ಭಾರತದ ಮೊದಲ ಭಾರತೀಯ ಮಹಾದಂಡನಾಯಕರಾಗಿ 1953ರಲ್ಲಿ ನಿವೃತ್ತರಾದ ಕೊಡಗಿನ ಕೆ. ಎಂ. ಕಾರ್ಯಪ್ಪನವರು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಭಾರತದ ಹೈಕಮಿಷನರ್ ಆಗಿದ್ದು ಮರಳಿದ ಬಳಿಕ, 1964ರಲ್ಲಿ ‘ಇಂಡಿಯನ್ ಎಕ್ಸ್-ಸರ್ವೀಸಸ್ ಲೀಗ್’ ಅನ್ನು ಸ್ಥಾಪಿಸಿ, ನಿವೃತ್ತ ಸಿಪಾಯಿಯ ಕಷ್ಟಗಳಿಗೆ ರಾಷ್ಟ್ರಮಟ್ಟದ ದನಿ ಕೊಟ್ಟರು.

ಇಂದಿನ ಆಡಳಿತ ವ್ಯವಸ್ಥೆ

ಈಗ ಈ ಕೆಲಸದ ಹೊಣೆ ಮೂರು ಹಂತಗಳಲ್ಲಿ ಹಂಚಿಹೋಗಿದೆ. ಮೇಲ್ಮಟ್ಟದಲ್ಲಿ ರಕ್ಷಣಾ ಸಚಿವಾಲಯದೊಳಗೆ 2004ರಲ್ಲಿ ಪ್ರತ್ಯೇಕವಾಗಿ ರಚನೆಯಾದ ಮಾಜಿ ಸೈನಿಕರ ಕಲ್ಯಾಣ ಇಲಾಖೆಯಿದೆ. ಅದರ ಕೆಳಗೆ ಬರುವ ‘ಡಿಜಿಆರ್’, ಎಂದರೆ ಪುನರ್ವಸತಿ ಮಹಾನಿರ್ದೇಶನಾಲಯ, ನಿವೃತ್ತಿಯ ಅಂಚಿನಲ್ಲಿರುವವರಿಗೆ ವೃತ್ತಿ ತರಬೇತಿಯನ್ನೂ ನಿವೃತ್ತರಿಗೆ ಉದ್ಯೋಗ ಮತ್ತು ಸ್ವಯಂ ಉದ್ಯೋಗದ ಯೋಜನೆಗಳನ್ನೂ ನಡೆಸುತ್ತದೆ. ಕೇಂದ್ರೀಯ ಸೈನಿಕ ಮಂಡಳಿ ಕುಟುಂಬಗಳ ಕಲ್ಯಾಣ ಮತ್ತು ಧನಸಹಾಯ ನೋಡಿಕೊಳ್ಳುತ್ತದೆ. ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದ್ದು, ಅದರ ಜಿಲ್ಲಾ ಕಚೇರಿಗಳು ಮಾಜಿ ಸೈನಿಕರ ನೋಂದಣಿ, ಗುರುತಿನ ಚೀಟಿ, ವಿದ್ಯಾರ್ಥಿವೇತನ, ಉದ್ಯೋಗಕ್ಕೆ ಹೆಸರು ಕಳುಹಿಸುವುದು ಮೊದಲಾದ ಕೆಲಸಗಳನ್ನು ನಿರ್ವಹಿಸುತ್ತವೆ. ಕೆಲವು ಕಚೇರಿಗಳು ಒಂದಕ್ಕಿಂತ ಹೆಚ್ಚು ಜಿಲ್ಲೆಗಳ ಹೊಣೆ ಹೊತ್ತಿವೆ. 1949ರಿಂದ ಪ್ರತಿ ಡಿಸೆಂಬರ್ 7ರಂದು ಆಚರಿಸುವ ಧ್ವಜ ದಿನದ ನಿಧಿ ಈ ಕಲ್ಯಾಣ ಕಾರ್ಯಗಳ ಮುಖ್ಯ ಆಸರೆ.

ತರಬೇತಿಯ ಅಂಗದಲ್ಲಿ ಅಧಿಕಾರಿಗಳಿಗೂ ಇತರ ದರ್ಜೆಯವರಿಗೂ ನಡುವೆ ಕಾಣುವ ಅಂತರ ಗಮನಾರ್ಹ. ಅಧಿಕಾರಿಗಳಿಗೆ ಐಐಎಂಗಳಂಥ ಸಂಸ್ಥೆಗಳಲ್ಲಿ ಆಡಳಿತ ನಿರ್ವಹಣೆಯ ದೀರ್ಘ ಕೋರ್ಸುಗಳು ಲಭ್ಯವಿವೆ. ಅಲ್ಲಿಂದ ದೊಡ್ಡ ಕಂಪನಿಗಳಿಗೆ ದಾರಿ ತೆರೆಯುತ್ತದೆ. ಹವಾಲ್ದಾರ್, ನಾಯಕ್ ಮುಂತಾದ ದರ್ಜೆಯವರಿಗೂ ಡಿಜಿಆರ್ ಕೋರ್ಸುಗಳಿವೆ. ಆದರೆ ಗಡಿಯ ಠಾಣೆಯಲ್ಲಿ ಕೊನೆಯ ದಿನದವರೆಗೂ ಕರ್ತವ್ಯದಲ್ಲಿರುವ ಸಿಪಾಯಿಗೆ ಅದಕ್ಕೆ ಬಿಡುವು ಸಿಗುವುದು ಕಷ್ಟ. ಬಿಡುವು ಸಿಕ್ಕಿದರೂ ಕೋರ್ಸ್ ನಡೆಯುವ ನಗರದ ಉದ್ಯೋಗ ಮಾರುಕಟ್ಟೆಗೂ ಅವನು ಮರಳಲಿರುವ ಕಡೂರಿನ ಮಾರುಕಟ್ಟೆಗೂ ಸಂಬಂಧವಿರಬೇಕೆಂದಿಲ್ಲ. ಸಂಖ್ಯೆಯಲ್ಲಿ ಹೆಚ್ಚಿರುವವರೂ ವಯಸ್ಸಿನಲ್ಲಿ ಕಿರಿಯರೂ ಆದವರಿಗೇ ಸಿದ್ಧತೆಯ ಅವಕಾಶ ಕಡಿಮೆಯಾಗಿರುವುದು ಈ ವ್ಯವಸ್ಥೆಯ ಮೂಲ ಕೊರತೆ.

ಮೀಸಲಾತಿಯ ಬಲ ಮತ್ತು ಮಿತಿ

ಕೇಂದ್ರ ಸರ್ಕಾರದ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ. 10 ಮತ್ತು ‘ಡಿ’ ಗುಂಪಿನಲ್ಲಿ ಶೇ. 20, ಸಾರ್ವಜನಿಕ ಉದ್ದಿಮೆ ಹಾಗೂ ಬ್ಯಾಂಕುಗಳಲ್ಲಿ ಅಂಗವಿಕಲ ಸೈನಿಕರು ಮತ್ತು ಮಡಿದವರ ಅವಲಂಬಿತರೂ ಸೇರಿ ಕ್ರಮವಾಗಿ ಶೇ. 14.5 ಮತ್ತು ಶೇ. 24.5 ಮೀಸಲಾತಿಯಿದೆ. ವಯೋಮಿತಿಯ ಲೆಕ್ಕದಲ್ಲಿ ಸೇನೆಯಲ್ಲಿ ಕಳೆದ ವರ್ಷಗಳನ್ನು ಅಭ್ಯರ್ಥಿಯ ವಯಸ್ಸಿನಿಂದ ಕಳೆದು, ಅದರ ಮೇಲೆ ಮೂರು ವರ್ಷಗಳ ಸಡಿಲಿಕೆ ಕೊಡಲಾಗುತ್ತದೆ. 17 ವರ್ಷ ಸೇವೆ ಸಲ್ಲಿಸಿದ 40ರ ವ್ಯಕ್ತಿ ಈ ಲೆಕ್ಕದಲ್ಲಿ 23 ವರ್ಷದವನಾಗುತ್ತಾನೆ. ಹತ್ತನೆಯ ತರಗತಿ ಮುಗಿಸಿ 15 ವರ್ಷ ಸೇವೆ ಸಲ್ಲಿಸಿ, ಸೇನೆಯ ವಿಶೇಷ ಶಿಕ್ಷಣ ಪ್ರಮಾಣಪತ್ರ ಪಡೆದವರನ್ನು ಪದವಿ ಬೇಡುವ ‘ಸಿ’ ಗುಂಪಿನ ಹುದ್ದೆಗಳಿಗೂ ಪರಿಗಣಿಸಲು ಅವಕಾಶವಿದೆ. ಕರ್ನಾಟಕ ಸರ್ಕಾರದ ನೇಮಕಾತಿಯಲ್ಲೂ ಮಾಜಿ ಸೈನಿಕರಿಗೆ ಸಮತಲ ಮೀಸಲಾತಿಯಿದೆ. ಸಾಮಾನ್ಯ, ಪರಿಶಿಷ್ಟ ಜಾತಿ, ಹಿಂದುಳಿದ ವರ್ಗ ಎಂಬ ಪ್ರತಿಯೊಂದು ವಿಭಾಗದ ಒಳಗೂ ಸೈನಿಕರ ಪಾಲನ್ನು ಪ್ರತ್ಯೇಕವಾಗಿ ಗುರುತಿಸುವುದೇ ಸಮತಲ ಮೀಸಲಾತಿ.

ಇಷ್ಟೆಲ್ಲ ಇದ್ದೂ ಸೈನಿಕರಿಗಾಗಿ ಕಾದಿರಿಸಿದ ಹುದ್ದೆಗಳಲ್ಲಿ ದೊಡ್ಡ ಭಾಗ ಅವರಿಂದ ಭರ್ತಿಯಾಗುವುದಿಲ್ಲವೆಂಬುದನ್ನು ರಕ್ಷಣಾ ಖಾತೆಯ ಸಂಸದೀಯ ಸ್ಥಾಯಿ ಸಮಿತಿ ಮತ್ತೆ ಮತ್ತೆ ಎತ್ತಿ ತೋರಿಸಿದೆ. ಇದಕ್ಕೆ ಕಾರಣಗಳು ಹಲವು. ಆರನೆಯ ವೇತನ ಆಯೋಗದ ಬಳಿಕ ಕೇಂದ್ರದ ‘ಡಿ’ ಗುಂಪಿನ ಹುದ್ದೆಗಳನ್ನು ‘ಸಿ’ ಗುಂಪಿಗೆ ಸೇರಿಸಿದ್ದರಿಂದಲೂ, ಕಾವಲು, ಸ್ವಚ್ಛತೆ, ಚಾಲನೆಯಂಥ ಕೆಲಸಗಳು ಹೊರಗುತ್ತಿಗೆಗೆ ಹೋದದ್ದರಿಂದಲೂ, ಸೈನಿಕನಿಗೆ ಸಹಜವಾಗಿ ಒಗ್ಗುತ್ತಿದ್ದ ಕಾಯಂ ಹುದ್ದೆಗಳೇ ಕರಗಿವೆ. ಉಳಿದ ಹುದ್ದೆಗಳಿಗೆ ನಡೆಯುವ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ, ಹದಿನೇಳು ವರ್ಷ ಪುಸ್ತಕ ಮುಟ್ಟಲು ಬಿಡುವಿಲ್ಲದೆ ದುಡಿದವನು, ಧಾರವಾಡ ಅಥವಾ ಬೆಂಗಳೂರಿನ ಕೋಚಿಂಗ್ ಕೇಂದ್ರದಿಂದ ಬಂದ ತರುಣನೆದುರು ಕೂರಬೇಕಾಗುತ್ತದೆ. ಮೀಸಲಾತಿಯಿದ್ದರೂ ಕನಿಷ್ಠ ಅಂಕಗಳನ್ನು ಗಳಿಸಲೇಬೇಕು. ರಾಜ್ಯದ ಹುದ್ದೆಗಳಿಗೆ ಕಡ್ಡಾಯ ಕನ್ನಡ ಪರೀಕ್ಷೆಯ ನಿಯಮ ಸರಿಯಾದದ್ದೇ. ಆದರೆ ತಾರುಣ್ಯವನ್ನೆಲ್ಲ ಹಿಂದಿಯಲ್ಲಿ ಆಜ್ಞೆ ಕೇಳುತ್ತ ಕಳೆದ ಕನ್ನಡಿಗನಿಗೆ, ಬರಹದ ಕನ್ನಡವನ್ನು ಮರಳಿ ಹಿಡಿಯಲು ಒಂದಿಷ್ಟು ನೆರವು ಬೇಕು ಎಂಬುದನ್ನು ಯಾವ ತರಬೇತಿ ಪಟ್ಟಿಯೂ ನೆನೆಯಬೇಕಾದಷ್ಟು ನೆನೆದಿಲ್ಲ. ಭರ್ತಿಯಾಗದ ಸೈನಿಕ ಹುದ್ದೆಗಳನ್ನು ಕೇಂದ್ರದಲ್ಲಿ ಮುಂದಿನ ವರ್ಷಕ್ಕೆ ಒಯ್ಯುವ ಪದ್ಧತಿಯಿಲ್ಲದ ಕಾರಣ, ಒಮ್ಮೆ ತಪ್ಪಿದ ಅವಕಾಶ ತಪ್ಪಿದ್ದೇ ಆಗುತ್ತದೆ.

ಭೂಮಿಯ ಭರವಸೆ

ಬಯಲುಸೀಮೆಯ ಸೈನಿಕನ ಮನಸ್ಸಿನಲ್ಲಿ ಭೂಮಿಗೆ ಇಂದಿಗೂ ಮೊದಲ ಸ್ಥಾನ. ಕರ್ನಾಟಕ ಭೂ ಮಂಜೂರಾತಿ ನಿಯಮಗಳು, 1969, ಸರ್ಕಾರಿ ಭೂಮಿಯ ಹಂಚಿಕೆಯಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಶೇ. 10ರ ಪಾಲನ್ನು ಗೊತ್ತುಮಾಡಿವೆ. ಅದಕ್ಕೂ ಮಹತ್ವದ್ದು ಕರ್ನಾಟಕ ಭೂಸುಧಾರಣಾ ಕಾಯ್ದೆ, 1961ರ ವಿನಾಯಿತಿ: 1974ರ ತಿದ್ದುಪಡಿಯ ಬಳಿಕ ಗೇಣಿ ಪದ್ಧತಿ ರದ್ದಾದಾಗಲೂ, ಸೇವೆಯಲ್ಲಿರುವ ಸೈನಿಕ ಮತ್ತು ನಾವಿಕ ತನ್ನ ಜಮೀನನ್ನು ಗೇಣಿಗೆ ಕೊಟ್ಟು, ಮರಳಿದ ಮೇಲೆ ಸ್ವಂತ ಬೇಸಾಯಕ್ಕಾಗಿ ಹಿಂಪಡೆಯುವ ಅವಕಾಶವನ್ನು ಕಾಯ್ದೆ ಉಳಿಸಿತು. ದೂರದ ಲೇಹದಲ್ಲೋ ತೇಜ್‌ಪುರದಲ್ಲೋ ಇದ್ದವನ ಹೊಲ ಅವನ ಕೈತಪ್ಪದಂತೆ ಕಾಯುವ ಈ ಕಲಮು, ಶಾಸನಕರ್ತರು ಸೈನಿಕನ ಭವಿಷ್ಯವನ್ನು ಕಣ್ಮುಂದೆ ಇಟ್ಟುಕೊಂಡ ಅಪರೂಪದ ನಿದರ್ಶನ.

ಹೊಸ ಮಂಜೂರಾತಿಯ ದಾರಿ ಮಾತ್ರ ಈಗ ಕಡಿದಾಗಿದೆ. ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಉಳಿದಿರುವ ಸರ್ಕಾರಿ ಭೂಮಿಯಲ್ಲಿ ಹೆಚ್ಚಿನದು ಒಂದೋ ಗೋಮಾಳ, ಇಲ್ಲವೇ ಅರಣ್ಯ, ಇಲ್ಲವೇ ಅಮೃತ ಮಹಲ್ ಕಾವಲು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಾಗಿ ಆರಂಭವಾಗಿ, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫಿರಂಗಿ ಮತ್ತು ಸಾಮಗ್ರಿ ಎಳೆಯುವ ಸೈನ್ಯದ ಎತ್ತುಗಳ ಇಲಾಖೆಯಾದ ಅಮೃತ ಮಹಲ್, ಇಂದು ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಮುಂದುವರಿದಿದೆ; ಆ ತಳಿಗೆ ಮೇವು ನೀಡುವ ಕಾವಲುಗಳನ್ನು ಹಂಚುವುದು ಕಾನೂನಿಗೂ ಪರಿಸರಕ್ಕೂ ಸಲ್ಲದು. ಆದ್ದರಿಂದ ಪ್ರತಿಯೊಬ್ಬ ಸೈನಿಕನಿಗೂ ಭೂಮಿ ಎಂಬ ಭರವಸೆಯನ್ನು ನೀಡುತ್ತ ಹೋಗುವ ಬದಲು, ಇರುವ ಪಿತ್ರಾರ್ಜಿತ ಭೂಮಿಯಲ್ಲಿ ಗಳಿಕೆ ಹೆಚ್ಚಿಸುವ ಬೇಸಾಯದ ಶಿಕ್ಷಣ ಕೊಡುವುದು ಹೆಚ್ಚು ಪ್ರಾಮಾಣಿಕವಾದ ದಾರಿ.

ಕಡೂರು ಸೀಮೆಗೆ ತಾಗಿದ ಅರಸೀಕೆರೆ ತಾಲ್ಲೂಕಿನ ಜಾವಗಲ್ ಈ ದಾರಿಯ ಪ್ರಸಿದ್ಧ ಉದಾಹರಣೆಯನ್ನು ಕಂಡಿದೆ. ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ, 1971ರ ಯುದ್ಧದಲ್ಲಿ ಭಾಗವಹಿಸಿ, ಸುಮಾರು ಎಂಟು ವರ್ಷಗಳ ಸೇವೆಯ ಬಳಿಕ ಸೇನೆ ಬಿಟ್ಟ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್, ಹೇಮಾವತಿ ಜಲಾಶಯದಿಂದ ಗೊರೂರಿನ ಕುಟುಂಬದ ಭೂಮಿ ಮುಳುಗಿದ್ದಕ್ಕೆ ಬದಲಾಗಿ ದೊರೆತ ಒಣನೆಲದಲ್ಲಿ ಕೃಷಿ ಆರಂಭಿಸಿದರು. ಅವರ ಪರಿಸರಸ್ನೇಹಿ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಮುಂದೆ ಅವರು ಹೆಲಿಕಾಪ್ಟರ್ ಸೇವೆಯನ್ನೂ 2003ರಲ್ಲಿ ಏರ್ ಡೆಕ್ಕನ್ ವಿಮಾನ ಸಂಸ್ಥೆಯನ್ನೂ ಕಟ್ಟಿದರು. ಈ ಯಶಸ್ಸು ಸ್ಫೂರ್ತಿದಾಯಕ. ಆದರೂ ಅಧಿಕಾರಿಯಾಗಿ, ಇಂಗ್ಲಿಷ್ ಶಿಕ್ಷಣ ಮತ್ತು ಗೆಳೆಯರ ಬಳಗದ ಬೆಂಬಲದೊಡನೆ, ಮೂವತ್ತು ತುಂಬುವ ಮುನ್ನವೇ ಹೊರಬಂದವರ ದಾರಿಯನ್ನು ನಲವತ್ತರ ಹವಾಲ್ದಾರನಿಗೆ ಮಾದರಿಯೆಂದು ತೋರಿಸಿ ಸುಮ್ಮನಾಗುವುದು ನ್ಯಾಯವಲ್ಲ. ಆ ಉದಾಹರಣೆಯಿಂದ ಎಲ್ಲರಿಗೂ ಸಲ್ಲುವ ಪಾಠವೆಂದರೆ, ಭೂಮಿ ಸಿಕ್ಕಿದ ಮೇಲೆ ವರ್ಷಗಟ್ಟಲೆ ನಡೆದ ಕಲಿಕೆ ಮತ್ತು ಪ್ರಯೋಗವೇ ಅಲ್ಲಿ ಫಲ ಕೊಟ್ಟದ್ದು.

ಕೌಶಲವಿದೆ, ಕಾಗದವಿಲ್ಲ

ಸೈನಿಕನ ಕೌಶಲವನ್ನು ನಾಗರಿಕ ಜಗತ್ತು ಓದಬಲ್ಲ ಭಾಷೆಗೆ ತರುವುದು ಈ ಪ್ರಶ್ನೆಯ ಅತ್ಯಂತ ಸೂಕ್ಷ್ಮ ಭಾಗ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರದಲ್ಲಿ ತರಬೇತಾದ ಸ್ಯಾಪರ್ ಸೇತುವೆ ಕಟ್ಟುವುದನ್ನು, ರಸ್ತೆ ಮಾಡುವುದನ್ನು, ಭಾರೀ ಯಂತ್ರ ನಡೆಸುವುದನ್ನು ಬಲ್ಲವನು. ಜಾಲಹಳ್ಳಿಯ ವಾಯುಪಡೆಯ ಶಾಲೆಗಳಲ್ಲಿ ಕಲಿತವನು ವಿದ್ಯುನ್ಮಾನ ಉಪಕರಣಗಳನ್ನು ದುರಸ್ತಿ ಮಾಡಬಲ್ಲವನು. ಸೇನಾ ಆಸ್ಪತ್ರೆಯ ನರ್ಸಿಂಗ್ ಅಸಿಸ್ಟೆಂಟ್ ಗಾಯಾಳುವಿನ ಜೀವ ಉಳಿಸಿದ ಅನುಭವ ಉಳ್ಳವನು. ಆದರೆ ವಿಮಾನ ನಿರ್ವಹಣೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ ಬೇಕು, ಶುಶ್ರೂಷೆಗೆ ನರ್ಸಿಂಗ್ ಪರಿಷತ್ತಿನ ನೋಂದಣಿ ಬೇಕು, ವಿದ್ಯುತ್ ಕೆಲಸಕ್ಕೆ ಸಂಬಂಧಪಟ್ಟ ಇಲಾಖೆಯ ಪರವಾನಗಿ ಬೇಕು. ಇವು ಜನರ ಸುರಕ್ಷತೆಗಾಗಿ ಇರುವ ನಿಯಮಗಳಾದ್ದರಿಂದ ಅವುಗಳನ್ನು ಸಡಿಲಿಸುವುದು ಪರಿಹಾರವಲ್ಲ. ಸೇನೆಯಲ್ಲಿ ಕಲಿತದ್ದಕ್ಕೂ ಪರವಾನಗಿ ಬೇಡುವುದಕ್ಕೂ ನಡುವಿನ ಕೊರತೆ ಎಷ್ಟೆಂದು ಅಳೆದು, ಅಷ್ಟನ್ನು ಮಾತ್ರ ಕಲಿಸುವ ಸೇತು ಶಿಕ್ಷಣವೇ ಪರಿಹಾರ.

2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ಯಾವ ಕೆಲಸಕ್ಕೆ ಯಾವ ಮಟ್ಟದ ಜ್ಞಾನ ಬೇಕೆಂಬುದನ್ನು ಶ್ರೇಣಿಗಳಲ್ಲಿ ಗುರುತಿಸಿ, ಸೈನಿಕ ವೃತ್ತಿಗಳನ್ನೂ ಅದೇ ಅಳತೆಗೋಲಿನಲ್ಲಿ ಕಾಣಲು ದಾರಿ ಮಾಡಿಕೊಟ್ಟಿತು. ‘ಪೂರ್ವಕಲಿಕೆಯ ಮಾನ್ಯತೆ’ ಎಂಬ ಪದ್ಧತಿಯಲ್ಲಿ, ಶಾಲೆಯ ಹೊರಗೆ ಕಲಿತವನನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಲಾಗುತ್ತದೆ. ಈ ಎರಡೂ ಸಾಧನಗಳು ತಾಲ್ಲೂಕಿನ ಐಟಿಐಯಲ್ಲಿ ಸೈನಿಕನಿಗೆ ಸುಲಭವಾಗಿ ಸಿಗುವಂತಾದರೆ ಬಹಳಷ್ಟು ಕೌಶಲ ವ್ಯರ್ಥವಾಗುವುದು ತಪ್ಪುತ್ತದೆ. ಬೀರೂರು, ಕಡೂರು, ಅರಸೀಕೆರೆಗಳನ್ನು ಬೆಂಗಳೂರಿಗೆ ಜೋಡಿಸುವ ರೈಲು ಮಾರ್ಗದಲ್ಲೇ ಬರುವ ಗುಬ್ಬಿ ತಾಲ್ಲೂಕಿನಲ್ಲಿ, ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿದೆ. ಅದನ್ನು ಸುತ್ತುವರಿದು ಬೆಳೆಯುವ ಬಿಡಿಭಾಗ ಮತ್ತು ದುರಸ್ತಿ ಉದ್ಯಮಗಳಿಗೆ ಸೇನೆಯ ತಾಂತ್ರಿಕ ದರ್ಜೆಯವರಿಗಿಂತ ಸೂಕ್ತವಾದ ಕಾರ್ಯಪಡೆ ಈ ಭಾಗದಲ್ಲಿ ಸಿಗುವುದು ಕಷ್ಟ.

ಕಾಗದವಿಲ್ಲದ ಕೌಶಲ ಕೊನೆಗೆ ಬಂದು ನಿಲ್ಲುವುದು ಕಾವಲು ಕೆಲಸದಲ್ಲಿ. ಖಾಸಗಿ ಭದ್ರತಾ ಸಂಸ್ಥೆಗಳ (ನಿಯಂತ್ರಣ) ಕಾಯ್ದೆ, 2005, ಕಾವಲುಗಾರರ ನೇಮಕದಲ್ಲಿ ಮಾಜಿ ಸೈನಿಕರಿಗೆ ಆದ್ಯತೆ ಕೊಡಲು ಹೇಳುತ್ತದೆ. ಡಿಜಿಆರ್ ಕೂಡ ಮಾಜಿ ಸೈನಿಕರು ನಡೆಸುವ ಭದ್ರತಾ ಸಂಸ್ಥೆಗಳನ್ನು ಸಾರ್ವಜನಿಕ ಉದ್ದಿಮೆಗಳಿಗೆ ಶಿಫಾರಸು ಮಾಡುತ್ತದೆ. ಇದರಿಂದ ಸಾವಿರಾರು ಕುಟುಂಬಗಳಿಗೆ ಅನ್ನ ಸಿಕ್ಕಿದೆ, ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಕೆಲಸವೂ ಗೌರವದ್ದೇ. ಆದರೆ ಸಿಗ್ನಲ್ ಯಂತ್ರ ನಡೆಸಿದವನೂ ನಲವತ್ತು ಮಂದಿಯ ತುಕಡಿಯನ್ನು ನಿಭಾಯಿಸಿದವನೂ ದಾಸ್ತಾನು 
ಕೋಠಿಯ ಲೆಕ್ಕ ಇಟ್ಟವನೂ ಒಂದೇ ಸಮವಸ್ತ್ರ ತೊಟ್ಟು ಅದೇ ಗೇಟಿನಲ್ಲಿ ನಿಲ್ಲಬೇಕಾಗಿ ಬಂದರೆ, ಅವರ ತರಬೇತಿಗೆ ದೇಶ ಹೂಡಿದ ಹಣದ ಮತ್ತು ಅವರ ಆತ್ಮಗೌರವದ ದೊಡ್ಡ ಪಾಲು ಅಲ್ಲಿ ನಷ್ಟವಾಗುತ್ತದೆ.

ಸ್ವಂತ ಉದ್ಯಮ ಮತ್ತು ಕುಟುಂಬ

ಸ್ವಂತ ಉದ್ಯಮದ ಕಡೆಗೆ ಒಲವಿರುವವರಿಗೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ವಿಶೇಷ ವರ್ಗದ ಸ್ಥಾನವಿದೆ: ಹಳ್ಳಿಯಲ್ಲಿ ಆರಂಭಿಸುವ ಘಟಕಕ್ಕೆ ಮಾಜಿ ಸೈನಿಕ ತನ್ನ ಕೈಯಿಂದ ಶೇ. 5 ಹಾಕಿದರೆ ಸಾಕು, ಯೋಜನಾ ವೆಚ್ಚದ ಶೇ. 35 ಸಹಾಯಧನವಾಗಿ ಬರುತ್ತದೆ, ಉಳಿದದ್ದು ಬ್ಯಾಂಕ್ ಸಾಲ. ಕಡೂರು ಸೀಮೆಯಲ್ಲಿ ಕೊಬ್ಬರಿ ಮತ್ತು ತೆಂಗಿನ ನಾರಿನ ಸಂಸ್ಕರಣೆ, ಹೈನುಗಾರಿಕೆ, ಕೃಷಿ ಯಂತ್ರಗಳ ಬಾಡಿಗೆ ಮತ್ತು ದುರಸ್ತಿ ಮೊದಲಾದವಕ್ಕೆ ಇದು ಒಪ್ಪುವ ಯೋಜನೆ. ಆದರೆ ನಿವೃತ್ತಿಯ ದಿನ ಕೈಗೆ ಬರುವ ಇಡುಗಂಟಿನ ಮೇಲೆ ಬಂಧುಗಳ, ಚೀಟಿ ನಡೆಸುವವರ, ನಿವೇಶನ ಮಾರುವವರ ಕಣ್ಣು ಬೀಳುವುದು ತಡವಾಗುವುದಿಲ್ಲ. ಎರಡು ದಶಕ ಊಟ, ಬಟ್ಟೆ, ವಸತಿಗಳ ಚಿಂತೆಯಿಲ್ಲದೆ ಬದುಕಿದವನಿಗೆ ಮಾರುಕಟ್ಟೆಯ ಈ ಸೆಳೆತಗಳನ್ನು ಅಳೆಯುವ ಅಭ್ಯಾಸವಿರುವುದಿಲ್ಲ. ಹಣಕಾಸಿನ ತಿಳಿವಳಿಕೆ ಆದ್ದರಿಂದ ವೃತ್ತಿ ತರಬೇತಿಯಷ್ಟೇ ಅಗತ್ಯ.

ಬದಲಾವಣೆ ಮನೆಯೊಳಗೂ ನಡೆಯುತ್ತದೆ. ವರ್ಷಕ್ಕೆ ಎರಡು ತಿಂಗಳ ರಜೆಯಲ್ಲಿ ಮಾತ್ರ ಬರುತ್ತಿದ್ದವನು ಕಾಯಂ ಆಗಿ ಮನೆಗೆ ಬಂದಾಗ, ಅಷ್ಟೂ ವರ್ಷ ಹೊಲ, ಹಣ, ಮಕ್ಕಳ ಓದು ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ಹೆಂಡತಿಯೊಡನೆ ಹೊಣೆಗಳನ್ನು ಹೊಸದಾಗಿ ಹಂಚಿಕೊಳ್ಳಬೇಕಾಗುತ್ತದೆ. ದರ್ಜೆಯಿಂದ ಸಿಗುತ್ತಿದ್ದ ಗೌರವ ಊರಿನಲ್ಲಿ ಸಂಬಂಧದಿಂದ, ಮಾತಿನಿಂದ, ತಾಳ್ಮೆಯಿಂದ ಗಳಿಸಬೇಕಾದದ್ದಾಗುತ್ತದೆ. ಈ ಹೊಂದಾಣಿಕೆ ಕೈಗೂಡದಿದ್ದಾಗ ಒಂಟಿತನವೂ ಕುಡಿತವೂ ಹತ್ತಿರ ಬರುವುದುಂಟು. ಅದನ್ನು ವ್ಯಕ್ತಿಯ ದೌರ್ಬಲ್ಯವೆನ್ನದೆ ಬದಲಾವಣೆಯ ಭಾರವೆಂದು ಕಂಡು ಸಮಾಲೋಚನೆಯ ನೆರವು ಕೊಡಬೇಕು. ಹುತಾತ್ಮರ ಪತ್ನಿಯರಿಗೆ ಪಿಂಚಣಿಯ ಜೊತೆಗೆ ದುಡಿಮೆಯ ದಾರಿಯೂ ಬೇಕು. ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಿಂದ 2021ರ ಮೇ ತಿಂಗಳಲ್ಲಿ 83 ಮಹಿಳೆಯರ ಮೊದಲ ತಂಡ ತರಬೇತಿ ಮುಗಿಸಿ ಸೇನೆ ಸೇರಿದೆ. ಮುಂದೆ ಮಾಜಿ ಸೈನಿಕರ ಸಾಲಿನಲ್ಲಿ ಮಹಿಳೆಯರೂ ನಿಲ್ಲಲಿರುವುದರಿಂದ ಯೋಜನೆಗಳನ್ನು ಈಗಲೇ ಅವರನ್ನೂ ನೆನೆದು ರೂಪಿಸಬೇಕು.

ಅಗ್ನಿವೀರರು ತರುವ ಹೊಸ ತುರ್ತು

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ ಈ ಪ್ರಶ್ನೆಯ ಗಾತ್ರವನ್ನೂ ಸ್ವರೂಪವನ್ನೂ ಬದಲಿಸಿದೆ. ಅಗ್ನಿವೀರರು ನಾಲ್ಕು ವರ್ಷ ಸೇವೆ ಸಲ್ಲಿಸುತ್ತಾರೆ. ಅವರಲ್ಲಿ ಗರಿಷ್ಠ ಶೇ. 25 ಮಂದಿಯನ್ನು ಸೇನೆ ಉಳಿಸಿಕೊಳ್ಳುತ್ತದೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ‘ಸೇವಾ ನಿಧಿ’ಯೊಡನೆ ಮರಳುತ್ತಾರೆ, ಅವರಿಗೆ ಪಿಂಚಣಿಯಿಲ್ಲ. ಮೊದಲ ತಂಡಗಳ ಅವಧಿ 2026ರ ಕೊನೆ ಮತ್ತು 2027ರ ಆರಂಭದ ಹೊತ್ತಿಗೆ ತುಂಬುತ್ತದೆ. ಸೇವಾವಧಿ ತಗ್ಗಿಸಿ, ಹೊರಬಂದವರನ್ನು ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಿಗೆ ಸೇರಿಸಬೇಕೆಂಬ ಆಲೋಚನೆಯನ್ನು ಕಾರ್ಗಿಲ್ ಪರಿಶೀಲನಾ ಸಮಿತಿಯೇ ಮುಂದಿಟ್ಟಿತ್ತು; ಅಗ್ನಿವೀರರಿಗೆ ಆ ಪಡೆಗಳಲ್ಲಿ ಶೇ. 10 ಮೀಸಲಾತಿಯನ್ನು 2022ರಲ್ಲೇ ಘೋಷಿಸಲಾಯಿತು. ಆದರೂ ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿನಲ್ಲಿ ಊರಿಗೆ ಬರುವ ಈ ತರುಣರಲ್ಲಿ ಬಹುಪಾಲು ಮಂದಿಗೆ ಪೊಲೀಸ್ ಸಮವಸ್ತ್ರದಾಚೆಯ ದಾರಿ ಬೇಕು. ಪಿಂಚಣಿಯ ಆಸರೆಯಿದ್ದ ಹಿಂದಿನ ಪೀಳಿಗೆಗೆ ಸಿದ್ಧತೆ ಉಪಯುಕ್ತವಾಗಿತ್ತು. ಆ ಆಸರೆಯಿಲ್ಲದ ಈ ಪೀಳಿಗೆಗೆ ಅದು ಅನಿವಾರ್ಯ.

ಹೊರದೇಶಗಳ ಅನುಭವ ಇಲ್ಲಿ ಉಪಯುಕ್ತ. ಅಮೆರಿಕದಲ್ಲಿ 1944ರ ಜೂನ್ 22ರಂದು ಜಾರಿಯಾದ, ‘ಜಿ. ಐ. ಬಿಲ್’ ಎಂದು ಹೆಸರಾದ ಕಾಯ್ದೆ, ಎರಡನೆಯ ಮಹಾಯುದ್ಧದಿಂದ ಮರಳಿದವರ ಶಿಕ್ಷಣದ ವೆಚ್ಚ ಹೊತ್ತಿತು. ಸುಮಾರು 78 ಲಕ್ಷ ಮಂದಿ ಅದರಡಿ ಓದಿದರು ಅಥವಾ ಕಸುಬು ಕಲಿತರು. ಆದರೆ ಅದರ ಜಾರಿ ಸ್ಥಳೀಯ ಸಂಸ್ಥೆಗಳ ಮತ್ತು ಬ್ಯಾಂಕುಗಳ ಕೈಯಲ್ಲಿದ್ದುದರಿಂದ ಕಪ್ಪು ಜನಾಂಗದ ಸೈನಿಕರಲ್ಲಿ ಅನೇಕರಿಗೆ ಅದರ ಫಲ ನಿರಾಕರಿಸಲ್ಪಟ್ಟಿತು. ಸ್ಥಳೀಯ ಕಚೇರಿಗೆ ಅಧಿಕಾರ ಕೊಡುವಾಗ ಅಲ್ಲಿನ ತಾರತಮ್ಯಕ್ಕೂ ಕಾವಲಿರಬೇಕೆಂಬುದು ಜಾತಿಭೇದದ ನಮ್ಮ ಸಮಾಜಕ್ಕೂ ಎಚ್ಚರಿಕೆ. ಬ್ರಿಟನ್ನಿನಲ್ಲಿ ಸಾಕಷ್ಟು ಕಾಲ ಸೇವೆ ಸಲ್ಲಿಸಿದವರಿಗೆ ಬಿಡುಗಡೆಗೆ ಎರಡು ವರ್ಷ ಮೊದಲೇ ಪುನರ್ವಸತಿಯ ಸಲಹೆ ಆರಂಭವಾಗುತ್ತದೆ. ಭಾರತ ಮೊದಲು ಅಳವಡಿಸಿಕೊಳ್ಳಬೇಕಾದ ಕ್ರಮ ಇದು.

ತಾಲ್ಲೂಕಿನಲ್ಲಿ ಆಗಬೇಕಾದದ್ದು

ಈವರೆಗಿನ ಸಮೀಕ್ಷೆಯಿಂದ ನಾಲ್ಕು ಕೆಲಸಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಬಿಡುಗಡೆಗೆ ಎರಡು ವರ್ಷ ಇರುವಾಗಲೇ ಸೈನಿಕನ ಹೆಸರು, ವೃತ್ತಿ ಮತ್ತು ಅವನು ನೆಲೆಸಲಿರುವ ತಾಲ್ಲೂಕು ಜಿಲ್ಲಾ ಸೈನಿಕ ಕಚೇರಿಗೆ ತಿಳಿಯಬೇಕು. ಅಲ್ಲಿಂದ ಅವನಿಗೆ ಆ ಭಾಗದ ಉದ್ಯೋಗ ಮತ್ತು ಕಲಿಕೆಯ ಮಾಹಿತಿ ತಲುಪಬೇಕು. ಎರಡನೆಯದಾಗಿ, ಕಡೂರಿನಂಥ ತಾಲ್ಲೂಕು ಕೇಂದ್ರದಲ್ಲಿ ತಿಂಗಳಿಗೊಮ್ಮೆ ನಿಗದಿತ ದಿನ ಸೈನಿಕ ಕಲ್ಯಾಣ, ಕೌಶಲಾಭಿವೃದ್ಧಿ, ಕೈಗಾರಿಕಾ ಕೇಂದ್ರ ಮತ್ತು ಬ್ಯಾಂಕಿನ ಅಧಿಕಾರಿಗಳು ಒಂದೇ ಕಡೆ ಕುಳಿತು ಅರ್ಜಿಗಳನ್ನು ನೋಡಬೇಕು. ದೇವನೂರಿನ ನಿವೃತ್ತ ಜವಾನನೊಬ್ಬ ಒಂದು ಸಹಿಗಾಗಿ ದೂರದ ಜಿಲ್ಲಾ ಕೇಂದ್ರಕ್ಕೆ ದಿನಗಟ್ಟಲೆ ಅಲೆಯುವುದು ಆಗ ತಪ್ಪುತ್ತದೆ. ಮೂರನೆಯದಾಗಿ, ತಾಲ್ಲೂಕಿನ ಐಟಿಐ ಮತ್ತು ಪದವಿ ಕಾಲೇಜುಗಳು ಸಂಜೆಯ ಸೇತು ಶಿಕ್ಷಣವನ್ನು, ಅದರಲ್ಲೂ ಬರಹದ ಕನ್ನಡ, ಕಂಪ್ಯೂಟರ್ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಪಾಠಗಳನ್ನು ಒದಗಿಸಬೇಕು.

ನಾಲ್ಕನೆಯದು ಸಾಮೂಹಿಕ ಕೆಲಸದ ಅವಕಾಶ. 1982ರಲ್ಲಿ ಗಢವಾಲದಲ್ಲಿ ಟೆರಿಟೋರಿಯಲ್ ಆರ್ಮಿಯ ಅಡಿ, ಅಲ್ಲಿಯ ಮಾಜಿ ಸೈನಿಕರನ್ನೇ ಸೇರಿಸಿ ಕಟ್ಟಿದ ಪರಿಸರ ಕಾರ್ಯಪಡೆ, ಮಸ್ಸೂರಿ ಬೆಟ್ಟಗಳಲ್ಲಿ ಸುಣ್ಣದಕಲ್ಲಿನ ಗಣಿಗಾರಿಕೆಯಿಂದ ಬೋಳಾದ ಇಳಿಜಾರುಗಳನ್ನು ಮರಳಿ ಹಸಿರಾಗಿಸಿತು. ಬರದಿಂದ ಬಳಲಿದ ಕಡೂರಿನ ಬಯಲಿನಲ್ಲಿ ಕೆರೆಗಳ ಹೂಳೆತ್ತುವಿಕೆ, ಅಮೃತ ಮಹಲ್ ಕಾವಲುಗಳ ಹುಲ್ಲುಗಾವಲಿನ ಪುನರುಜ್ಜೀವನ, ಅಜ್ಜಂಪುರದ ಸುರಂಗದ ಮೂಲಕ ನೀರು ತರುವ ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಗಳ ನಿರ್ವಹಣೆ ಮತ್ತು ನೀರು ಬಳಕೆದಾರರ ಸಂಘಗಳ ಸಂಘಟನೆ ಇಂಥವು ಶಿಸ್ತನ್ನೂ ಯಂತ್ರಜ್ಞಾನವನ್ನೂ ಬೇಡುವ ಕೆಲಸಗಳು. ಸ್ಯಾಪರ್, ಸಿಗ್ನಲ್, ಸರಬರಾಜು ದಳಗಳಲ್ಲಿ ದುಡಿದವರಿಗೆ ಇವುಗಳ ಮುಂದಾಳತ್ವ ಸಹಜವಾಗಿ ಒದಗುತ್ತದೆ. ಪೂರ್ಣಯ್ಯನವರ ಕಾಲದ ಕಂದಾಚಾರದ ಆಳು ಊರಿನಲ್ಲೇ ಇದ್ದು ಊರಿನ ಕೆಲಸ ಮಾಡಿದ ರೀತಿಗೆ ಇಂದಿನ ಕಾಲದಲ್ಲಿ ಹೊಂದುವ ರೂಪ ಇದು.

ಇವುಗಳಲ್ಲಿ ಯಾವುದಕ್ಕೂ ಹೊಸ ಇಲಾಖೆ ಬೇಡ. ಈಗಿರುವ ಇಲಾಖೆಗಳು ಕಾಲಕ್ಕೆ ಮೊದಲೇ ಕೈಜೋಡಿಸಿ, ಸೈನಿಕನ ಊರಿನ ಹತ್ತಿರಕ್ಕೆ ಬಂದರೆ ಸಾಕು. ಹದಿನೆಂಟರ ಹುಡುಗನನ್ನು ಆರಿಸಲು ಸೇನೆಯ ಭರ್ತಿ ರ‍್ಯಾಲಿ ಜಿಲ್ಲೆಯ ಮೈದಾನದವರೆಗೂ ಬರುತ್ತದೆ. ಅದೇ ಹುಡುಗ ದುಡಿದು ಮರಳುವಾಗ ಅವನಿಗೆ ಮುಂದಿನ ಕೆಲಸ ತೋರಿಸುವ ವ್ಯವಸ್ಥೆಯೂ ಅಷ್ಟೇ ಹತ್ತಿರಕ್ಕೆ ಬರಬೇಕೆಂದು ಕೇಳುವುದು ದಾನದ ಬೇಡಿಕೆಯಲ್ಲ, ಅವನು ಗಳಿಸಿದ ಹಕ್ಕಿನ ಬೇಡಿಕೆ. ಅದನ್ನು ಈಡೇರಿಸುವ ಸಮಾಜಕ್ಕೆ ನಲವತ್ತರ ವಯಸ್ಸಿನ, ಶಿಸ್ತು ಕಲಿತ, ಕೆಲಸ ಬಲ್ಲ ನಾಗರಿಕರು ವರ್ಷವರ್ಷವೂ ದೊರೆಯುತ್ತಾರೆ.